ಹತ್ತು ಕೋಟು ಹೊಲಿದ ಬೆರ್ತಿಲ್ಲ

ಬೆಳಗಿನ ಐದೂಕಾಲು. ಇಟಲಿಯ ಕ್ಯಾಂಪೊ ಕಣಿವೆಯ ಟ್ಯಾನರಿಗಳಲ್ಲಿ ಮೊದಲ ಪಾಳಿ ಶುರುವಾಗಿದೆ. ಚರ್ಮ ಹದ ಮಾಡುವ ದೊಡ್ಡ ಮರದ ಪೀಪಾಯಿಗಳು ತಿರುಗುವ ಗುಡುಗುಡು ಸದ್ದು ಅಡುಗೆಮನೆಯ ಲೋಟಗಳವರೆಗೂ ಬರುತ್ತಿದೆ. ಬೆರ್ತಿಲ್ಲ ಜೋರ್ದಾನ್ ಕಿಟಕಿ ತೆರೆಯುವುದಿಲ್ಲ. ತೆರೆದರೆ ಕಾಫಿಗೂ ಹಸಿ ಚರ್ಮದ ವಾಸನೆ ಹತ್ತುತ್ತದೆ. ಊಟದ ಮೇಜಿನ ಮೇಲೆ ಹೊಲಿಗೆ ಯಂತ್ರ, ಅದರ ಪಕ್ಕ ಕಪ್ಪು ಚರ್ಮದ ಕೋಟೊಂದು ಕೈ ಚಾಚಿ ಮಲಗಿದೆ. ಹೆಗಲಿನಿಂದ ಸೊಂಟದವರೆಗೆ ಒಂದರ ಮೇಲೊಂದು ಕೂರಿಸಿದ ಹಸಿರು ಬಿಲ್ಲೆಗಳು, ಡ್ರ್ಯಾಗನ್ ಮೈಮೇಲೆ ಇರುವಂಥವು. ಒಂದು ಕೋಟಿಗೆ ನೂರ ಎಂಬತ್ತು ಬಿಲ್ಲೆ. ಇದು ಐದನೆಯ ಕೋಟು. ಇನ್ನು ಹನ್ನೊಂದು ಬಿಲ್ಲೆ ಬಾಕಿ.

ಟ್ಯಾನರಿಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದ ಗಂಡ ಜೀನೊ, ಚಪ್ಪಲಿ ಎಳೆದುಕೊಂಡು ಒಳಗೆ ಬರುತ್ತಾರೆ.

"ಏನೇ, ನಿನ್ನ ಡ್ರ್ಯಾಗನ್‌ಗೆ ಇನ್ನೂ ರೆಕ್ಕೆ ಬರ್ಲಿಲ್ವಾ?"

"ರೆಕ್ಕೆ ಎಲ್ಲಿ ಬಂತು, ಹೊಟ್ಟೆ ಬಂದಿದೆ. ಲೊರಿಸ್‌ದು ನೂರ ಒಂಬತ್ತು ಸೆಂಟಿಮೀಟರ್. ಮೊದಲ್ನೇ ಸಲ ಅಳೆದಾಗ ಎಪ್ಪತ್ತೆರಡಿತ್ತು. ಊಟ ಮಾಡೋ ಅಂತ ಬೈದಿದ್ದೆ."

"ಶನಿವಾರ ಉಸಿರು ಬಿಡ್ಬೇಡ ಅಂತ ಹೇಳು. ಗುಂಡಿ ಹಾರಿ ಮುಂದಿನ ಸಾಲಿನೋರ ಕಣ್ಣಿಗೆ ಬಡಿದೀತು."

ಬೆರ್ತಿಲ್ಲ ನಗುತ್ತಾರೆ. ಆದರೆ ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಒಂಬತ್ತು ಗಂಟೆಗೆ ಗಿಟಾರ್ ಬಾರಿಸುವ ಲೊರಿಸ್ ಬರುತ್ತಾನೆ, ಹಾಡುವ ಮೊರೇನೊ ಬರುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಇಬ್ಬರನ್ನೂ ಒಂದೇ ಹೊತ್ತಿಗೆ ಈ ಮನೆಗೆ ಕರೆದದ್ದು ಇದೇ ಮೊದಲು. ಕೋಟು ಹಾಕಿ ನೋಡುವುದು ನೆಪ. ಅಷ್ಟೇ ವರ್ಷಗಳಿಂದ ನುಂಗಿಕೊಂಡು ಕೂತಿರುವ ಒಂದು ಮಾತನ್ನು ಇವತ್ತು ಹೇಳಿಬಿಡಬೇಕು. ಹೇಳಿದ ಮೇಲೆ ಶನಿವಾರದ ಕಾರ್ಯಕ್ರಮ ನಡೆಯುತ್ತದೋ ಇಲ್ಲವೋ, ಅವರಿಗೆ ಗೊತ್ತಿಲ್ಲ.

'ವಾಲ್‌ದ್ರಾಗೊ' ಎಂಬ ರಾಕ್ ತಂಡದ ಹೆಸರು ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಕುದುರೆ ಓಟದ ವೇಗದ ಡ್ರಮ್, ಚಾವಣಿಗೆ ಮುಟ್ಟುವ ಗಂಟಲು, ಕತ್ತಿ, ಕೋಟೆ, ಬೆಂಕಿ ಉಗುಳುವ ಪ್ರಾಣಿಗಳ ಕತೆ: ಪವರ್ ಮೆಟಲ್ ಎಂದರೆ ಇಷ್ಟೇ ಎಂದು ಜೀನೊ, ಬರೆದುಕೊಳ್ಳಲು ಬಂದಿರುವ ಪತ್ರಿಕೆಯವರಿಗೆ ವಿವರಿಸುತ್ತಾರೆ. 1995ರಲ್ಲಿ ಐದು ಜನ ಹುಡುಗರು ಕೋಳಿಗೂಡಿನ ಗೋಡೆಗೆ ಮೊಟ್ಟೆಯ ರಟ್ಟು ಅಂಟಿಸಿ ಶುರು ಮಾಡಿದ ತಂಡ. ಲೊರಿಸ್ ಟ್ಯಾನರಿಯಲ್ಲಿ ಬಣ್ಣ ಕಲಸುತ್ತಿದ್ದ. ಮೊರೇನೊ ಆಗಷ್ಟೇ ಶಾಲೆ ಬಿಟ್ಟಿದ್ದ. ಮರುವರ್ಷ ಅವರನ್ನು ಬೆರ್ತಿಲ್ಲ ಅವರ ಅಡುಗೆಮನೆಗೆ ಕರೆತಂದವರು ಮೊರೇನೊನ ತಾಯಿ, ಪಕ್ಕದ ಬೀದಿಯ ಇನೆಸ್ ಫಾಯ್ದೊ. ಗಂಡನಿಲ್ಲದ ಹೆಂಗಸು, ಟ್ಯಾನರಿಯ ಗೋದಾಮು ಗುಡಿಸಿ ಒರೆಸುವ ಕೆಲಸ.

"ಇನೆಸ್ ಬಾಗಿಲಲ್ಲೇ ನಿಂತು, 'ಬೆರ್ತಿಲ್ಲ, ಈ ಹುಡುಗ್ರು ಡ್ರ್ಯಾಗನ್ ಆಗ್ಬೇಕಂತೆ, ಏನಾದ್ರೂ ಮಾಡೆ' ಅಂದ್ಲು. ಮೊದಲು ಸ್ನಾನ ಮಾಡ್ಕೊಂಡು ಬರ್ಲಿ, ಆಮೇಲೆ ಡ್ರ್ಯಾಗನ್ ಮಾಡೋಣ ಅಂದೆ," ಎಂದು ಬೆರ್ತಿಲ್ಲ ನೆನೆಯುತ್ತಾರೆ.

ಆ ಆಗಸ್ಟ್‌ನಲ್ಲಿ ಊರಿನ ಹಂದಿಮಾಂಸದ ಸಲಾಮಿ ಹಬ್ಬದಲ್ಲಿ ಮೊದಲ ಪ್ರದರ್ಶನ. ಎರಡು ವಾಲ್ಟ್ಜ್‌ಗಳ ನಡುವೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಕುಣಿಯುತ್ತಿದ್ದ ಮುದುಕರು ಜೋಡಿ ಬಿಡದೆ ನಿಂತಲ್ಲೇ ನಿಂತು ನೋಡಿದರು. ಮೆಕ್ಕೆಜೋಳದ ಪೊಲೆಂಟ ಬೇಯಿಸುವ ಹಂಡೆಯ ಹತ್ತಿರದಿಂದ ಯಾರೋ, "ಹುಡುಗನಿಗೆ ಎಲ್ಲಿ ನೋಯ್ತಿದೆ ಕೇಳ್ರೋ!" ಎಂದು ಕೂಗಿದರು. 1998ರಲ್ಲಿ ಮೊದಲ ಆಲ್ಬಮ್ ಬಂತು. ಇಟಲಿಯಲ್ಲಿ ಯಾರೂ ಕೇಳಲಿಲ್ಲ, ಜಪಾನಿನಲ್ಲಿ ಕೊಂಡರು. 2001ರಲ್ಲಿ ಎರಡನೆಯದು ಬಂದಾಗ ಟೋಕಿಯೋದಲ್ಲಿ ಎರಡು ಸಾವಿರ ಜನ ಮೊರೇನೊ ಜೊತೆ ಪದ ತಪ್ಪದೆ ಹಾಡಿದರಂತೆ. ಅಲ್ಲಿಂದ ಮೂವರು ಹುಡುಗಿಯರು ಈ ಊರಿಗೇ ಬಂದು, ಬೆರ್ತಿಲ್ಲ ತೊಳೆದು ಹಗ್ಗದ ಮೇಲೆ ಒಣಹಾಕಿದ್ದ ಐದು ಕೋಟುಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋದರು. ಪಾದ್ರಿ ಅದನ್ನು ಭಾನುವಾರದ ಪ್ರವಚನದಲ್ಲಿ ಎತ್ತಿದರು.

ಈ ತಂಡ ಇದುವರೆಗೆ ಐದು ಆಲ್ಬಮ್ ತಂದಿದೆ. ಹೊದಿಕೆಯ ಒಳಗಡೆ ದೇವರಿಗೆ, ಗಿಟಾರ್ ತಂತಿಯ ಅಂಗಡಿಗೆ, ವ್ಯಾನ್ ಚಾಲಕನ ನಾಯಿಗೂ ಕೃತಜ್ಞತೆ ಸಲ್ಲಿಸಿದ್ದಾರೆ. ಮೂವತ್ತು ವರ್ಷದಲ್ಲಿ ಎಪ್ಪತ್ತಾರು ಕೋಟು ಹೊಲಿದ ಹೆಂಗಸಿನ ಹೆಸರು ಯಾವುದರಲ್ಲೂ ಇಲ್ಲ. ಬೆರ್ತಿಲ್ಲ ಅವರಿಗೆ ಈಗ ಎಪ್ಪತ್ತೊಂದು. ನಾಲ್ಕೂವರೆಗೆ ಏಳುತ್ತಾರೆ. ಗಂಟೆಗೆ ಇಪ್ಪತ್ತು ಬಿಲ್ಲೆ ಕೂರಿಸುತ್ತಾರೆ. ಪ್ರತಿ ಬಿಲ್ಲೆಗೆ ಯಂತ್ರದ ಒಂದು ಸಾಲು, ಮೇಣ ಹಚ್ಚಿದ ದಾರದಲ್ಲಿ ಎರಡು ಕೈಹೊಲಿಗೆ. ದಿನಕ್ಕೆ ಮೂರು ಸೂಜಿಯಾದರೂ ಮುರಿಯುತ್ತವೆ. ಬಲಗೈ ತೋರುಬೆರಳು ಮಡಚುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತು. ಎಂಟರ ನಂತರ ಊರಿನವರ ಪ್ಯಾಂಟು ಗಿಡ್ಡ ಮಾಡುವುದು, ಜಾಕೆಟ್ಟಿನ ಜಿಪ್ ಬದಲಿಸುವುದು.

"ಹೆಸರು ಹಾಕದೇ ಇದ್ದದ್ದೇ ಒಳ್ಳೇದಾಯ್ತು. ಹಾಕಿದ್ರೆ ನನಗೆ ಅದನ್ನ ಓದೋಕಾಗ್ತಿರ್ಲಿಲ್ಲ," ಎನ್ನುತ್ತಾರೆ, ದಾರ ಹಲ್ಲಿನಲ್ಲಿ ಕಡಿದು.

ಯಾಕೆ ಎಂಬುದು ತಿಳಿಯಲು ಇಲ್ಲಿನ ಹೆಂಗಸರು ಕೆಲಸ ಮಾಡುತ್ತಿದ್ದ ರೀತಿ ಗೊತ್ತಿರಬೇಕು. ಬೆರ್ತಿಲ್ಲ ಹದಿನಾಲ್ಕನೆಯ ವಯಸ್ಸಿಗೆ ಮನೆಯಲ್ಲೇ ಕೂತು ಬೂಟಿನ ಮೇಲ್ಭಾಗ ಹೊಲಿಯಲು ಶುರು ಮಾಡಿದವರು. ಬೆಳಿಗ್ಗೆ ಒಂದು ಕಂಪನಿಯ ವ್ಯಾನ್, ಸಂಜೆ ಅದರ ಎದುರಾಳಿ ಕಂಪನಿಯ ವ್ಯಾನ್. ಒಬ್ಬರ ಬುಟ್ಟಿ ಮೇಜಿನ ಮೇಲಿದ್ದಾಗ ಇನ್ನೊಬ್ಬರ ಬುಟ್ಟಿ ಮಂಚದ ಕೆಳಗೆ. ಇಬ್ಬರೂ "ನಮಗೊಬ್ಬರಿಗೇ ತಾನೇ?" ಎಂದು ಕೇಳುತ್ತಿದ್ದರು, ಇಬ್ಬರಿಗೂ ಬೆರ್ತಿಲ್ಲ "ಹೌದು" ಎನ್ನುತ್ತಿದ್ದರು. ಕೇಳುವವರಿಗೂ ನಿಜ ಗೊತ್ತಿತ್ತು. ಅದನ್ನು ಯಾರೂ ಸುಳ್ಳು ಎಂದು ಕರೆಯುತ್ತಿರಲಿಲ್ಲ. ಇನ್ನೊಂದು ಪದ್ಧತಿಯೂ ಇತ್ತು. ಕತ್ತರಿಸಿ ಉಳಿದ ಚರ್ಮದ ಚೂರುಗಳು ಹೊಲಿಯುವವಳಿಗೆ ಸೇರುತ್ತಿದ್ದವು. ಜಾಣತನದಿಂದ ಕತ್ತರಿಸಿದವಳ ಮನೆಯಲ್ಲಿ ಮಕ್ಕಳಿಗೆ ಚಪ್ಪಲಿ, ಅತ್ತೆಗೆ ಚೀಲ.

2002ರಲ್ಲಿ ತಂಡ ಒಡೆಯಿತು. ಲೊರಿಸ್‌ಗೆ ಹಾಡು ಹನ್ನೆರಡು ನಿಮಿಷ ಇರಬೇಕು, ಮೊರೇನೊಗೆ ನಾಲ್ಕು ಸಾಕು. ಜಗಳ ಅಲ್ಲಿಂದ ಹತ್ತಿದ್ದು, ಕೊನೆಗೆ ಇಬ್ಬರೂ ಬೇರೆ ಬೇರೆ ಹುಡುಗರನ್ನು ಕಟ್ಟಿಕೊಂಡು, ನಮ್ಮದೇ ವಾಲ್‌ದ್ರಾಗೊ ಎಂದರು. ಮರುವರ್ಷದ ವಸಂತದಲ್ಲಿ ಲೊರಿಸ್ ಒಂದು ಗಂಟು ಚರ್ಮ ತಂದ. ಟ್ಯಾನರಿಯಲ್ಲಿ ತಾನೇ ಕಲಸಿದ ಬಣ್ಣ, ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಸಿರು ಎಂದ. ಐದು ಕೋಟಿನ ಬಿಲ್ಲೆಗೆ ಆಗುವಷ್ಟು. "ಆ ಕಡೆಯವ್ರಿಗೆ ಮಾತ್ರ ಹೊಲೀಬೇಡಿ ಸಿಯೋರಾ," ಎಂದ. ಹೊಲಿಯುವುದಿಲ್ಲ ಎಂದು ಬೆರ್ತಿಲ್ಲ ಮಾತು ಕೊಟ್ಟರು.

ಹದಿನೈದು ದಿನ ಕಳೆದು ಇನೆಸ್ ಬಂದರು. ಮಗನಿಗೆ ಗೊತ್ತಿಲ್ಲದಂತೆ, ಮಗನ ತಂಡಕ್ಕೂ ಐದು ಕೋಟು ಬೇಕು. ಬೆರ್ತಿಲ್ಲ ಇಲ್ಲ ಎನ್ನಲಾರದೆ ಹೋದರು. ಒಂದು ಷರತ್ತು ಹಾಕಿದರು: ಯಾರಿಗೂ ಹೇಳಬಾರದು, ಮಗ ಕೇಳಿದರೆ ಪಾದುವಾದಲ್ಲಿ ಹೊಲಿಸಿದೆ ಎನ್ನಬೇಕು. ಆಮೇಲೆ ಲೊರಿಸ್ ತಂದಿದ್ದ ಚರ್ಮವನ್ನು ಎಷ್ಟು ಒತ್ತಾಗಿ ಕತ್ತರಿಸಿದರೆಂದರೆ, ಅವನ ಒಂಬೈನೂರು ಬಿಲ್ಲೆ ಆದ ಮೇಲೆ ಉಳಿದ ಚೂರುಗಳಲ್ಲಿ ಇನ್ನೂ ಒಂಬೈನೂರು ಸಣ್ಣ ಬಿಲ್ಲೆ ಎದ್ದವು. ಪದ್ಧತಿಯ ಪ್ರಕಾರ ಆ ಚೂರು ಅವರದ್ದೇ.

"ಅವತ್ತು ನನಗೆ ಎಂಥಾ ಹೆಮ್ಮೆ ಅಂತೀರಿ. ಇಡೀ ಕಣಿವೇಲಿ ಇಷ್ಟು ಚೆನ್ನಾಗಿ ಕತ್ತರಿಸೋಳು ಇನ್ನೊಬ್ಬಳಿಲ್ಲ ಅಂದ್ಕೊಂಡೆ," ಎಂದು ಬೆರ್ತಿಲ್ಲ ತಲೆ ತಗ್ಗಿಸುತ್ತಾರೆ. "ಇಬ್ಬರೂ ಒಂದೇ ಕಡೆ ಸೇರ್ತಾರೆ ಅಂತ ಹೊಳೀಲೇ ಇಲ್ಲ. ಬೂಟಿನ ಕಂಪನಿಯೋರು ಯಾವತ್ತೂ ಸೇರ್ತಿರ್ಲಿಲ್ಲ."

ಜುಲೈನಲ್ಲಿ ಬಯಲುಸೀಮೆಯ ಒಂದು ಸಂಗೀತೋತ್ಸವದಲ್ಲಿ, ಬರಬೇಕಿದ್ದ ತಂಡವೊಂದರ ಲಾರಿ ದಾರಿಯಲ್ಲಿ ಕೆಟ್ಟು, ಆಯೋಜಕರು ತುರ್ತಾಗಿ ಮೊರೇನೊನ ಹುಡುಗರನ್ನು ಕರೆದರು. ಲೊರಿಸ್‌ನ ತಂಡ ಇಳಿಯುವುದಕ್ಕೂ ಮೊರೇನೊನ ತಂಡ ಹತ್ತುವುದಕ್ಕೂ ನಡುವೆ ಅರ್ಧ ಗಂಟೆ. ಅಂಥದೇ ಕೋಟು, ಅಂಥವೇ ಬಿಲ್ಲೆ, ಅದೇ ಹಸಿರು. ನಾಲ್ಕು ಸಾವಿರ ಜನ ನಕ್ಕರು. ಲೊರಿಸ್ ನಗಲಿಲ್ಲ. ಆ ಬಣ್ಣ ಅವನ ಗಂಟಿನಲ್ಲಿ ಬಿಟ್ಟರೆ ಇದ್ದದ್ದು ಟ್ಯಾನರಿಯ ಗೋದಾಮಿನಲ್ಲಿ ಮಾತ್ರ. ಗೋದಾಮಿನ ಬೀಗದಕೈ ಇದ್ದದ್ದು ಇನೆಸ್ ಹತ್ತಿರ.

ಅವನು ಸೋಮವಾರ ಟ್ಯಾನರಿಯ ಫೋರ್‌ಮನ್ ಹತ್ತಿರ ಹೋದ. ಇನೆಸ್‌ರನ್ನು ಕರೆಸಿದರು. ಕದ್ದಿಲ್ಲ, ಬೆರ್ತಿಲ್ಲ ಹೊಲಿದುಕೊಟ್ಟಳು, ಚರ್ಮ ಅವಳದ್ದೇ ಎಂದರು ಇನೆಸ್. ಆದರೆ ಅದಕ್ಕೂ ಮೊದಲು ಊರಿಗೆಲ್ಲ ಪಾದುವಾದ ದರ್ಜಿಯ ಕತೆ ಹೇಳಿದ್ದವರು ಅವರೇ. ಯಾರು ನಂಬುತ್ತಾರೆ? ಫೋರ್‌ಮನ್ ಅದೇ ಸಂಜೆ ಈ ಅಡುಗೆಮನೆಗೆ ಬಂದು, ಇದೇ ಮೇಜಿನ ಪಕ್ಕ ನಿಂತು ಕೇಳಿದ.

"ಇಲ್ಲ, ನಾನು ಲೊರಿಸ್‌ಗೆ ಮಾತ್ರ ಹೊಲಿದದ್ದು ಅಂದೆ," ಎನ್ನುತ್ತಾರೆ ಬೆರ್ತಿಲ್ಲ. "ಅಭ್ಯಾಸ ನೋಡಿ. ಬಾಯಿಗೆ ತಾನಾಗೇ ಬಂತು. ಅವನು ಮೆಟ್ಟಿಲು ಇಳಿದ ಮೇಲೆ ಓಡಿಹೋಗಿ ಹೇಳ್ಬಹುದಿತ್ತು. ಎಂಟು ಮೆಟ್ಟಿಲು. ಇಳೀಲಿಲ್ಲ."

ಜೀನೊ ನೆಲ ನೋಡುತ್ತ ಸೇರಿಸುತ್ತಾರೆ: "ಬಾಯಿ ಮುಚ್ಕೊಂಡಿರು ಅಂದವನು ನಾನು. ನಮ್ಮಿಬ್ಬರ ಅನ್ನವೂ ಆ ಟ್ಯಾನರಿಯಿಂದಲೇ ಬರ್ತಿತ್ತು. ಅವಳೊಬ್ಬಳ ತಲೆ ಮೇಲೆ ಹಾಕ್ಬೇಡಿ."

ಇನೆಸ್ ಕೆಲಸ ಹೋಯಿತು. ಪೊಲೀಸರಿಗೆ ಹೇಳದೆ ಬಿಟ್ಟದ್ದೇ ಉಪಕಾರ ಎಂದರು. ಮೊರೇನೊ ಒಂದು ತಿಂಗಳಲ್ಲಿ ತಂಡದ ಹೆಸರು ಬಿಟ್ಟುಕೊಟ್ಟು, ಐದೂ ಕೋಟು ಲೊರಿಸ್‌ನ ಬಾಗಿಲಲ್ಲಿ ಇಟ್ಟು ಬಂದ. ಹಾಡುವುದು ಬಿಟ್ಟು ಅಮೃತಶಿಲೆಯ ಅಂಗಳದಲ್ಲಿ ಕ್ರೇನ್ ನಡೆಸಲು ಸೇರಿದ. ಲೊರಿಸ್ ಮೂರು ಆಲ್ಬಮ್‌ಗೆ ನಾಲ್ಕು ಹಾಡುಗಾರರನ್ನು ಬದಲಿಸಿದ. ಯಾರ ಗಂಟಲೂ ಮೊರೇನೊನ ಹತ್ತಿರಕ್ಕೆ ಹೋಗಲಿಲ್ಲ, 2012ರ ನಂತರ ತಂಡ ಸುಮ್ಮನಾಯಿತು. ಇನೆಸ್ ಚರ್ಚಿಗೆ ಬರುವುದನ್ನು ನಿಲ್ಲಿಸಿದರು. ಬೀದಿಯಲ್ಲಿ ಬೆರ್ತಿಲ್ಲ ಎದುರಾದರೆ ಬೈಯುತ್ತಿರಲಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. 2011ರ ಚಳಿಗಾಲದಲ್ಲಿ ತೀರಿಕೊಂಡರು. ಬೆರ್ತಿಲ್ಲ ಹೂವು ಕಳಿಸಿದರು, ಹೆಸರು ಬರೆಯದೆ.

ಈ ವರ್ಷ ಮೂವತ್ತು ತುಂಬಿತೆಂದು ಹಳೆಯ ಅಭಿಮಾನಿಗಳು ಹಟ ಹಿಡಿದು ಮೊದಲಿನ ಐವರನ್ನೂ ಒಂದುಗೂಡಿಸಿದ್ದಾರೆ. ಶನಿವಾರ ವಿಚೆಂಜಾದಲ್ಲಿ ಕಾರ್ಯಕ್ರಮ. ಲೊರಿಸ್ ಮೂರು ವಾರದ ಹಿಂದೆ ಫೋನ್ ಮಾಡಿ, ಅದೇ ಹಸಿರು ಮತ್ತೆ ಕಲಸಿದ್ದೇನೆ ಎಂದು ಸಂಭ್ರಮಪಟ್ಟ. ಕೊನೆಯಲ್ಲಿ ನಗುತ್ತ ಒಂದು ಮಾತು ಸೇರಿಸಿದ: "ಈ ಸಲ ಬೀಗ ಹಾಕೋದು ಬೇಡ ಸಿಯೋರಾ, ಇನೆಸ್ ಇಲ್ವಲ್ಲ."

ಬೆರ್ತಿಲ್ಲ ಫೋನ್ ಇಟ್ಟು, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು ಎಂದು ಜೀನೊ ಹೇಳುತ್ತಾರೆ.

ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಲೊರಿಸ್ ಬರುತ್ತಾನೆ, ಕೈಯಲ್ಲಿ ಬೇಕರಿಯ ಸಿಹಿತಿಂಡಿಯ ಪೊಟ್ಟಣ. ನಲವತ್ತೆಂಟರ ಮನುಷ್ಯ, ಮುಂದೆ ಬೋಳು, ಹಿಂದೆ ಜುಟ್ಟು. ಮೊರೇನೊ ಹತ್ತು ನಿಮಿಷ ತಡ. ಬೂಟಿನ ಮೇಲೆ ಕಲ್ಲಿನ ಬಿಳಿ ಧೂಳು. ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಎರಡು ಸಲ ಒರೆಸಿಕೊಳ್ಳುತ್ತಾನೆ. ಎರಡು ತಿಂಗಳಿಂದ ಒಟ್ಟಿಗೆ ಅಭ್ಯಾಸ ಮಾಡುತ್ತಿದ್ದರೂ ಇಬ್ಬರ ಮಾತು ಹಾಡಿನ ಆಚೆ ಹೋಗಿಲ್ಲ.

"ಗಂಟಲು ಹೇಗಿದೆಯೋ?" ಎನ್ನುತ್ತಾನೆ ಲೊರಿಸ್.

"ಇದೆ. ನಿನ್ನ ಬೆರಳು?"

"ಸಂಧಿವಾತ."

"ಹಾಗಾದ್ರೆ ಹಾಡು ಎಂಟು ನಿಮಿಷಕ್ಕೆ ಇಳಿಸು, ದೇವರು ಮೆಚ್ತಾನೆ."

ಬೆರ್ತಿಲ್ಲ ಅಳತೆ ಟೇಪು ಎತ್ತಿಕೊಳ್ಳುವುದಿಲ್ಲ. ಇಬ್ಬರಿಗೂ ಕುರ್ಚಿ ತೋರಿಸಿ, ತಾವು ನಿಂತೇ ಇರುತ್ತಾರೆ.

"ಆವತ್ತಿನ ಹತ್ತು ಕೋಟೂ ನಾನೇ ಹೊಲಿದದ್ದು. ನಿಂದು ಐದು, ಇವನದು ಐದು. ಚರ್ಮ ಯಾರೂ ಕದೀಲಿಲ್ಲ ಲೊರಿಸ್. ನಿನ್ನ ಗಂಟಿನಲ್ಲಿ ಉಳಿದ ಚೂರಲ್ಲೇ ಇವನ ಬಿಲ್ಲೆ ತೆಗೆದೆ. ಇನೆಸ್ ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು."

ಪೊಟ್ಟಣದ ದಾರ ಬಿಚ್ಚುತ್ತಿದ್ದ ಲೊರಿಸ್‌ನ ಕೈ ಅಲ್ಲೇ ನಿಂತಿದೆ.

"ಅದು ಆಗೋ ಮಾತಲ್ಲ ಸಿಯೋರಾ," ಎನ್ನುತ್ತಾನೆ. "ನಾನೇ ಎಣಿಸಿ ಕೊಟ್ಟಿದ್ದೆ. ಒಂಬೈನೂರು ಬಿಲ್ಲೆ ಆದ್ಮೇಲೆ ಏನು ಉಳೀತದೆ?"

ಬೆರ್ತಿಲ್ಲ ಬಿಲ್ಲೆಯ ಮಾದರಿ ರಟ್ಟು ತೆಗೆದು, ಮೇಜಿನ ಮೇಲಿದ್ದ ಚರ್ಮದ ತುಂಡಿನ ಮೇಲಿಡುತ್ತಾರೆ. ಸೀಮೆಸುಣ್ಣದಲ್ಲಿ ಒಂದು ಗೆರೆ. ರಟ್ಟನ್ನು ತಲೆಕೆಳಗು ಮಾಡಿ ಪಕ್ಕದಲ್ಲಿ ಇನ್ನೊಂದು. ಒಂದರ ತಲೆ ಇನ್ನೊಂದರ ಕಾಲಿಗೆ ಸೇರಿಕೊಂಡು, ನಡುವೆ ಬೆರಳು ತೂರುವಷ್ಟೂ ಜಾಗ ಇಲ್ಲ. ಅಂಚಿನಲ್ಲಿ ಅಗಲವಾದ ಪಟ್ಟಿ ಹಾಗೇ ಉಳಿಯುತ್ತದೆ. ಅದರ ಮೇಲೆ ಇನ್ನಷ್ಟು ಸಣ್ಣ ಗೆರೆ. ಬಣ್ಣ, ಚರ್ಮ ಎಂದೇ ಬದುಕಿದ ಲೊರಿಸ್ ಅದನ್ನು ನೋಡುತ್ತಾನೆ. ಪೊಟ್ಟಣವನ್ನು ಪಕ್ಕಕ್ಕೆ ತಳ್ಳುತ್ತಾನೆ.

"ಫೋರ್‌ಮನ್ ಹತ್ರ ಹೋದವನು ನಾನು," ಎನ್ನುತ್ತಾನೆ. "ಆಯಮ್ಮನ್ನ ಒಂದು ಮಾತು ಕೇಳ್ಲಿಲ್ಲ. ಚಿಕ್ಕಂದಿನಲ್ಲಿ ಅವರ ಮನೇಲೇ ಊಟ ಮಾಡ್ತಿದ್ದೆ."

ಮೊರೇನೊ ರೇಗುತ್ತಾನೆ, ಮೇಜು ಕುಟ್ಟುತ್ತಾನೆ ಎಂದು ಬೆರ್ತಿಲ್ಲ ಸಿದ್ಧರಾಗಿದ್ದರು. ಜೀನೊ ಅದಕ್ಕೆಂದೇ ಬಾಗಿಲ ಹತ್ತಿರ ನಿಂತಿದ್ದರು. ಮೊರೇನೊ ಸೀಮೆಸುಣ್ಣದ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತಿದ್ದಾನೆ. ಮಾತು ಹೊರಟಾಗ ಅದು ಅಲ್ಲಿದ್ದ ಯಾರಿಗೂ ಅಲ್ಲ ಎಂಬಂತಿದೆ.

"ಅಮ್ಮ ಆಸ್ಪತ್ರೇಲಿ ಕೇಳಿದ್ಲು. 'ನೀನಾದ್ರೂ ನಂಬ್ತೀಯೇನೋ?' ಅಂತ. ನಾನು, 'ಹೋಗ್ಲಿ ಬಿಡಮ್ಮ, ಹಳೇ ಕತೆ' ಅಂದೆ. ನನಗೋಸ್ಕರ ತಾನೇ ಕದ್ದಿದ್ಲು, ಕ್ಷಮಿಸಿದೀನಿ ಅಂತ ಅಂದ್ಕೊಂಡಿದ್ದೆ. ದೊಡ್ಡತನ ತೋರಿಸಿದೆ ಅಂದ್ಕೊಂಡಿದ್ದೆ."

"ಮೊರೇನೊ..." ಎನ್ನುತ್ತಾರೆ ಬೆರ್ತಿಲ್ಲ.

"ನೀವು ಸುಳ್ಳು ಹೇಳಿದ್ದು ಒಂದು ಸಲ ಸಿಯೋರಾ. ನಾನು ನಂಬದೇ ಇದ್ದದ್ದು ಎಂಟು ವರ್ಷ."

ಅವನು ಎದ್ದು ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಲೊರಿಸ್ ಅವನ ಹಿಂದೆ ಹೋಗಲೋ ಬೇಡವೋ ಎಂದು ಬಾಗಿಲವರೆಗೆ ಹೋಗಿ, ವಾಪಸು ಬಂದು, ಮತ್ತೆ ಹೋಗುತ್ತಾನೆ. ಒಳಗಿನಿಂದ ಅವರ ಮಾತು ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಮೊರೇನೊ ಒಬ್ಬನೇ ತಲೆ ಒಳಗೆ ಹಾಕಿ ಹೇಳುತ್ತಾನೆ:

"ಶನಿವಾರ ಹಾಡ್ತೀನಿ. ಜನ ಟಿಕೆಟ್ ತಗೊಂಡಿದಾರೆ. ಕೋಟು ಮಾತ್ರ ಬೇಡ, ನನ್ನ ಅಂಗಿ ಇದೆ. ನಿಮ್ಮನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ನಾನೇ ಇನ್ನೂ ನನ್ನನ್ನ ಕ್ಷಮಿಸ್ಕೊಂಡಿಲ್ಲ."

"ಬೇಡಪ್ಪ. ಅದನ್ನ ಕೇಳೋಕೆ ಕರೀಲಿಲ್ಲ," ಎನ್ನುತ್ತಾರೆ ಬೆರ್ತಿಲ್ಲ.

ಇಬ್ಬರೂ ಹೋದ ಮೇಲೆ, ಪತ್ರಿಕೆಯವರು ಏನು ಬರೆಯಬೇಕು ಎಂಬ ಮಾತು ಬರುತ್ತದೆ. ಮೂವತ್ತು ವರ್ಷ, ಎಪ್ಪತ್ತಾರು ಕೋಟು, ಮಡಚದ ಬೆರಳು ಸಾಕು ಎಂಬುದು ಜೀನೊ ವಾದ. "ಉಳಿದದ್ದು ಮನೆ ವಿಷಯ. ನಾಳೆ ಅಂಗಡಿಗೆ ಹೋಗೋಕೆ ಮುಖ ಬೇಡ್ವಾ ನಿನಗೆ?"

"ಅವಳಿಗೂ ಮುಖ ಇತ್ತಲ್ಲ ಜೀನೊ," ಎನ್ನುತ್ತಾರೆ ಬೆರ್ತಿಲ್ಲ. ಆಮೇಲೆ ಈ ಕಡೆ ತಿರುಗಿ, ಬಟ್ಟೆಯ ಅಳತೆ ಹೇಳುವಷ್ಟೇ ನೇರವಾಗಿ ಹೇಳುತ್ತಾರೆ: "ಈ ಕಣಿವೇಲಿ ಎಲ್ಲಾ ಕಾಫಿ ಅಂಗಡೀಲೂ ನಿಮ್ಮ ಪೇಪರ್ ಓದ್ತಾರೆ. ಅದಕ್ಕೇ ನಿಮ್ಮನ್ನ ಇವತ್ತೇ ಬನ್ನಿ ಅಂದದ್ದು. ನನ್ನ ಫೋಟೊ ಹಾಕ್ಬೇಡಿ. ಜಾಗ ಇದ್ರೆ ಅವಳದ್ದು ಹಾಕಿ, ಹೋಗುವಾಗ ಕೇಳ್ದೆ, ಕೊಡ್ತೀನಿ ಅಂದ ಮೊರೇನೊ. ಕೆಳಗೆ ಇನೆಸ್ ಫಾಯ್ದೊ ನಿಜ ಹೇಳಿದ್ಲು ಅಂತ ಬರೀರಿ. ಹಾಗಂತ ನಿಮಗೆ ಹೇಳಿದ್ದು ಯಾರು ಅಂತ ಕೇಳಿದ್ರೆ, ಆಗ ನನ್ನ ಹೆಸರು ಹಾಕಿ."